ತಂಗಿ ಪಾಸಾದ ಕಿವಿಯ ಪರೀಕ್ಷೆ

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ತಂಗಿ ಕಿವಿಯ ಪರೀಕ್ಷೆಯಲ್ಲಿ ಪಾಸಾದಳು. ನಮ್ಮ ಮನೆಯ ಕೆಟ್ಟ ಕಾಲ ಶುರುವಾದದ್ದು ಆಗ.

ಸೌದಿಯ ಅಲ್ ಖೋಬರಿನ ಆ ಕ್ಲಿನಿಕ್ಕಿಗೆ ನಾವು ಹೋದದ್ದೇ ಅವಳು ಫೇಲಾಗಲಿ ಎಂದು. ಹನ್ನೆರಡನೆಯ ತರಗತಿ ಮುಗಿಸಿದ್ದ ಅವಳಿಗೆ ಊರಿನ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನಕ್ಕೆ ಸೀಟು ಸಿಕ್ಕಿತ್ತು. ಅಲ್ಲಿ ಅಂಗವೈಕಲ್ಯ ಇರುವ ವಿದ್ಯಾರ್ಥಿಗಳಿಗೆಂದು ಒಂದು ನೆರವು ನಿಧಿ ಇತ್ತು. ಪಾಠ ಮಾಡುವವರ ಕೊರಳಿಗೆ ಹಾಕಿ ಅವರ ಮಾತನ್ನು ನೇರ ಅವಳ ಕಿವಿಗೆ ತಲುಪಿಸುವ ಮೈಕು, ನೋಟ್ಸ್ ಬರೆದುಕೊಡಲು ಒಬ್ಬರು, ಹಾಸ್ಟೆಲ್ ಕೋಣೆಯ ಬೆಲ್ ಒತ್ತಿದರೆ ಮಿನುಗುವ ದೀಪ, ಬೆಂಕಿಯ ಅಲಾರಂ ಹೊಡೆದರೆ ದಿಂಬಿನ ಕೆಳಗೆ ಅದುರುವ ಬಿಲ್ಲೆ, ಇಷ್ಟನ್ನೂ ಕೊಡುತ್ತಿದ್ದರು. ಕೇಳುವುದಿಲ್ಲ ಎಂಬುದಕ್ಕೆ ಹೊಸದೊಂದು ವರದಿ ಬೇಕು, ಅಷ್ಟೆ. ಅಪ್ಪನ ಷರತ್ತು ಇನ್ನೂ ಸರಳ. ನಿಧಿ ಸಿಕ್ಕಿದರೆ ಹಾಸ್ಟೆಲ್. ಸಿಗದಿದ್ದರೆ ಖೋಬರಿನ ಫ್ಲ್ಯಾಟಿನಲ್ಲೇ ಕೂತು ದೂರಶಿಕ್ಷಣ. ಅಂದರೆ, ಬಂಡೆಗಳನ್ನು ಲ್ಯಾಪ್‌ಟಾಪಿನಲ್ಲಿ ನೋಡಿ ಕಲಿಯುವುದು.

ತಂಗಿಗೆ ಹುಟ್ಟಿನಿಂದಲೇ ಎರಡೂ ಕಿವಿ ಮಂದ. ಮೆಷಿನ್ ಹಾಕಿದರೆ ಅರ್ಧ ಕೇಳುತ್ತದೆ, ಉಳಿದರ್ಧವನ್ನು ಅವಳು ಎದುರಿನವರ ತುಟಿಯಿಂದ ಓದಿಕೊಳ್ಳುತ್ತಾಳೆ. ಈ ವಿಷಯ ನಮ್ಮ ಬಿಲ್ಡಿಂಗಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದು ಅಮ್ಮನ ಜೀವಮಾನದ ಸಾಧನೆ. ಹುಡುಗಿಯ ಕೂದಲು ಸದಾ ಕಿವಿಯ ಮೇಲೆ ಇಳಿದಿರಬೇಕು. ಶಾಲೆಯಲ್ಲಿ ಮೊದಲ ಬೆಂಚು, ಕಾರಣ ಕೇಳಿದರೆ ದೃಷ್ಟಿದೋಷ. ಕಣ್ಣು ಸರಿಯಿಲ್ಲ ಎಂದರೆ ಮರ್ಯಾದೆ, ಕಿವಿ ಸರಿಯಿಲ್ಲ ಎಂದರೆ ಅವಮಾನ ಎಂದು ನಮ್ಮವರಲ್ಲಿ ಯಾರು ಯಾವಾಗ ತೀರ್ಮಾನಿಸಿದರೋ ಗೊತ್ತಿಲ್ಲ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಅವಳು ಭರತನಾಟ್ಯವನ್ನೂ ಮಾಡಿದ್ದಳು. ಅಮ್ಮ ಮುಂದಿನ ಸಾಲಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು, ಅವಳು ಅದನ್ನು ನೋಡಿ ಹೆಜ್ಜೆ ಹಾಕುತ್ತಿದ್ದಳು. "ಎಂತಹ ತಾಳಜ್ಞಾನ!" ಎಂದು ಹೊಗಳಿದವರಿಗೆಲ್ಲ ಅಮ್ಮ ಎರಡೆರಡು ಹೋಳಿಗೆ ಬಡಿಸಿದ್ದರು.

ಇಂಥ ತರಬೇತಿ ಪಡೆದ ಹುಡುಗಿಯನ್ನು ಗಾಜಿನ ಕಿಟಕಿಯ ಕೋಣೆಯಲ್ಲಿ ಕೂರಿಸಿ, ಶಬ್ದ ಬಂದಾಗ ಕೈ ಎತ್ತು ಎಂದರೆ ಏನಾಗುತ್ತದೆ? ಡಾಕ್ಟರ್ ಈಜಿಪ್ಟಿನ ಹೆಂಗಸು, ನಗುಮುಖದವರು. ಗುಂಡಿ ಒತ್ತುವಾಗಲೆಲ್ಲ ಅವರ ಬಲ ಭುಜ ಒಂಚೂರು ಅಲ್ಲಾಡುತ್ತಿತ್ತು. ತಂಗಿಗೆ ಅಷ್ಟು ಸಾಕಾಯಿತು. ಭುಜ ಅಲ್ಲಾಡಿದಾಗಲೆಲ್ಲ ಅವಳ ಕೈ ಮೇಲೆ. ಹೊರಗೆ ಬಂದವಳು ಡಾಕ್ಟರ ಮುಖ ನೋಡುತ್ತ ಇಂಗ್ಲಿಷಿನಲ್ಲಿ ಪಟಪಟನೆ ಮಾತಾಡಿದಳು. ಮೆಷಿನ್ ಹಾಕುತ್ತಾಳಾ ಎಂದು ಡಾಕ್ಟರ್ ಕೇಳಿದಾಗ, ಅಮ್ಮ ವರ್ಷಗಳ ಅಭ್ಯಾಸಬಲದಿಂದ "ಒಮ್ಮೊಮ್ಮೆ" ಎಂದರು. ಬಂದ ಕೆಲಸ ಯಾವುದೆಂಬುದೇ ಆ ಕ್ಷಣ ಅವರಿಗೆ ಮರೆತುಹೋಗಿತ್ತು.

"ಮಾಶಾಲ್ಲಾ! ಸ್ವಲ್ಪ ಕಡಿಮೆ ಇದೆ, ಆದರೆ ದಿನದ ಬದುಕಿಗೆ ಏನೂ ತೊಂದರೆ ಇಲ್ಲ" ಎಂದು ಡಾಕ್ಟರ್ ವರದಿ ಕೊಟ್ಟರು.

ಅಮ್ಮ ವರದಿಯನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಬಿದ್ದರು. ಕೆಲಸ ಕೆಟ್ಟಿತೆಂದು ನನಗೆ ಅನಿಸಿತ್ತು, ಆದರೆ ಅಮ್ಮನ ಮುಖದಲ್ಲಿದ್ದ ಆ ಬೆಳಕಿನ ಎದುರು ಬಾಯಿ ಬರಲಿಲ್ಲ.

ಕ್ಲಿನಿಕ್ಕಿನ ಹಿಂದಿನ ಪಾರ್ಕಿಂಗಿನಲ್ಲಿ ತಂಗಿ ನಮ್ಮ ಮುಂದೆ, ನಮಗೆ ಮುಖಮಾಡಿ, ಹಿಮ್ಮುಖವಾಗಿ ನಡೆಯುತ್ತಿದ್ದಳು. ಅವಳು ಯಾವಾಗಲೂ ಹಾಗೆಯೇ. ಮೂವರು ಮಾತಾಡುತ್ತ ನಡೆಯುವಾಗ ನಮ್ಮ ತುಟಿ ಕಾಣಬೇಕಾದರೆ ಅವಳಿಗೆ ಬೇರೆ ದಾರಿಯಿಲ್ಲ. ಪರೀಕ್ಷೆಗೆಂದು ತೆಗೆದಿಟ್ಟ ಮೆಷಿನ್‌ಗಳು ಇನ್ನೂ ಅಮ್ಮನ ಬ್ಯಾಗಿನಲ್ಲೇ ಇದ್ದವು. "ನೀನು ಗೆದ್ದೆ ಮಗಾ, ನಾನು ಊರಿಗೆ ಫೋನ್ ಮಾಡಿ ಹೇಳ್ತೇನೆ" ಎಂದು ಅಮ್ಮ ಹೇಳುತ್ತಿದ್ದರು. ಅವಳು ನಗುತ್ತಿದ್ದಳು. ಅವಳ ಬೆನ್ನ ಹಿಂದೆ ನೀರಿನ ಟ್ಯಾಂಕರೊಂದು ಬೀಪ್ ಬೀಪ್ ಎನ್ನುತ್ತ ರಿವರ್ಸ್ ಬರುತ್ತಿತ್ತು.

ಇಡೀ ಪಾರ್ಕಿಂಗಿಗೆ ಕೇಳಿಸಿದ ಆ ಬೀಪ್, ಆಗ ತಾನೆ ಬೀಪ್ ಪರೀಕ್ಷೆಯಲ್ಲಿ ಪಾಸಾಗಿ ಬಂದವಳಿಗೆ ಕೇಳಿಸಲಿಲ್ಲ. ನಾನು ಕಿರುಚಿದೆ. ಅಮ್ಮ ಹೆದರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಅವಳು ನೋಡುತ್ತಿದ್ದದ್ದು ಅಮ್ಮನನ್ನು. ಓದಲು ಅಲ್ಲಿ ತುಟಿಯೇ ಇರಲಿಲ್ಲ.

ಪಕ್ಕದ ಬಕಾಲಾದ, ಅಂದರೆ ದಿನಸಿ ಅಂಗಡಿಯ, ಯೆಮನಿ ಮನುಷ್ಯ ಓಡಿಬಂದು ಟ್ಯಾಂಕರಿನ ಮೈಗೆ ಅಂಗೈಯಿಂದ ದಬದಬ ಬಡಿದ. ಟ್ಯಾಂಕರ್ ನಿಂತಿತು. ಅದರ ಹಿಂದಿನ ಕಬ್ಬಿಣಕ್ಕೂ ಅವಳ ಜಡೆಗೂ ನಡುವೆ ನನ್ನ ಕೈ ತೂರುವಷ್ಟು ಜಾಗ ಇತ್ತೋ ಇಲ್ಲವೋ. ಚಾಲಕ ಇಳಿದು ಬಂದ. ಪೇಶಾವರದ ಕಡೆಯವನು.

"ಲಡ್ಕೀ ಬಹರೀ ಹೈ ಕ್ಯಾ?" ಎಂದ. ಹುಡುಗಿ ಕಿವುಡಿಯಾ?

ನಮ್ಮೆದುರು ಆ ಶಬ್ದವನ್ನು ಗಟ್ಟಿಯಾಗಿ ಹೇಳಿದ ಮೊದಲ ಮನುಷ್ಯ ಅವನು. ಅಮ್ಮ ಬಾಯಿಯಿಂದ ಕೈ ತೆಗೆದರು, ವರದಿಯನ್ನು ಅವನ ಮುಖಕ್ಕೆ ಹಿಡಿದರು. "ನಹೀ ಭಾಯಿ, ರಿಪೋರ್ಟ್ ನಾರ್ಮಲ್ ಹೈ!"

ಅವನು ಕಾಗದ ನೋಡಿದ, ಅಮ್ಮನನ್ನು ನೋಡಿದ. "ತೋ ಫಿರ್ ಅಂಧೀ ಹೋಗೀ" ಎಂದು ಹೇಳಿ ಲಾರಿ ಹತ್ತಿದ. ಹಾಗಾದರೆ ಕುರುಡಿಯಾಗಿರಬೇಕು.

ತಂಗಿ ಮೆಷಿನ್ ಸಿಕ್ಕಿಸಿಕೊಳ್ಳುತ್ತ ನನ್ನ ಮುಖ ನೋಡಿದಳು. "ಎಂತ ಅಕ್ಕ, ನೀನೇ ಟ್ಯಾಂಕರಿನ ಅಡಿಗೆ ಬಿದ್ದವರ ಹಾಗೆ ಮಾಡ್ತಿ? ಶವರ್ಮಾ ತೆಗೊಳ್ಳುವಾ?"

ಅವಳು ಶವರ್ಮಾ ತಿಂದಳು. ನಾನು ಆ ದಿನದಿಂದ ನಿದ್ದೆ ಕಳೆದುಕೊಂಡೆ. ನಾನು ಇಂಜಿನಿಯರಿಂಗ್ ಓದಿದವಳು, ಸರಕು ಸಾಗಣೆಯ ಕಂಪನಿಯೊಂದರಲ್ಲಿ ಕೆಲಸ. ನಮ್ಮ ಕಂಪನಿಯ ಅಂಗಳದಲ್ಲಿ ದಿನವಿಡೀ ಲಾರಿಗಳು ರಿವರ್ಸ್ ಬರುತ್ತವೆ. ಪ್ರತಿ ಬೀಪಿಗೂ ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನೋಡುತ್ತಿದ್ದೆ. ಕಣ್ಣು ಮುಚ್ಚಿದರೆ ಟ್ಯಾಂಕರ್ ಬರುತ್ತಿತ್ತು. ಒಮ್ಮೊಮ್ಮೆ ನಿಲ್ಲುತ್ತಿತ್ತು, ಒಮ್ಮೊಮ್ಮೆ ನಿಲ್ಲುತ್ತಿರಲಿಲ್ಲ.

ಬೇರೆ ವರದಿ ಇಲ್ಲದೆ ಅದನ್ನೇ ಕಳಿಸಿದೆವು. ಕೆಲವೇ ದಿನಗಳಲ್ಲಿ ವಿಶ್ವವಿದ್ಯಾಲಯದ ಉತ್ತರ ಬಂತು. "ಅಭಿನಂದನೆಗಳು. ನಿಮಗೆ ನೆರವಿನ ಅಗತ್ಯ ಕಂಡುಬಂದಿಲ್ಲ."

ಅಪ್ಪ ಅಬ್ಕೈಕಿನ ತೈಲ ಪ್ಲ್ಯಾಂಟಿನಲ್ಲಿ ತಂತ್ರಜ್ಞ. ವಾರವಿಡೀ ಅಲ್ಲಿ, ವಾರಾಂತ್ಯಕ್ಕೆ ಮನೆ. ಅವರ ಕೆಲಸವೇ ಸೈರನ್ ಮತ್ತು ಅಲಾರಂಗಳನ್ನು ಪರೀಕ್ಷಿಸುವುದು. ಯಾವ ಮೂಲೆಯಲ್ಲಿ ನಿಂತವನಿಗೆ ಯಾವ ಸದ್ದು ಕೇಳಿಸುತ್ತದೆ, ಯಾವುದು ಕೇಳಿಸುವುದಿಲ್ಲ ಎಂದು ತಿಳಿಯಲು ಅವರಿಗೆ ಸಂಬಳ. ಆ ವಾರ ಮನೆಗೆ ಬಂದು ಸಂಗತಿ ಕೇಳಿದವರೇ ಪರಿಹಾರ ಹುಡುಕಿದರು. ಪುನಃ ಪರೀಕ್ಷೆ ಮಾಡಿಸುವುದು, ಈ ಸಲ ಫೇಲಾಗಲು ಕೋಚಿಂಗ್ ಕೊಡುವುದು.

"ಐದು ಬೀಪ್ ಬಂದ್ರೆ ಎರಡಕ್ಕೆ ಮಾತ್ರ ಕೈ ಎತ್ತು, ಗೊತ್ತಾಯ್ತಾ? ಎಲ್ಲ ಬಿಟ್ರೆ ಡೌಟ್ ಬರ್ತದೆ" ಎಂದು ಶುಕ್ರವಾರ ಊಟವಾದ ಮೇಲೆ ಹೇಳಿಕೊಡಲು ಕೂತರು.

ಕಿವಿ ಕೇಳದ ಮಗಳಿಗೆ ಕಿವಿ ಕೇಳದವಳ ಹಾಗೆ ನಟಿಸಲು ಕಲಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೇಳಿದರೆ ಯಾರೂ ನಂಬುವುದಿಲ್ಲ.

"ಆದ್ರೆ ನಂಗೆ ಒಂದೂ ಕೇಳಿಸ್ಲಿಲ್ಲ ಅಪ್ಪ" ಎಂದಳು ತಂಗಿ.

"ಮತ್ತೆ ಕೈ ಎತ್ತಿದ್ದು ಎಂತಕ್ಕೆ?"

"ಡಾಕ್ಟರ ಭುಜ ಅಲ್ಲಾಡಿತು. ಪರೀಕ್ಷೆ ಅಂದ್ಮೇಲೆ ಉತ್ತರ ಗೊತ್ತಿದ್ದೂ ಬಿಡ್ಲಿಕ್ಕೆ ಆಗ್ತದಾ?"

ಅಮ್ಮ ನಡುವೆ ಬಾಯಿ ಹಾಕಿದರು. "ಒಂದೂ ಕೇಳಿಸ್ಲಿಲ್ಲ ಅಂತೆಲ್ಲ ಹೇಳ್ಬೇಡ ಮಾರಾಯ್ತಿ. ಮನೆಯಲ್ಲಿ ಕರೆದ್ರೆ ನೀನು ಬರ್ತಿಯಲ್ಲ? ನಾಳೆ ನಿನ್ನನ್ನು ನೋಡ್ಲಿಕ್ಕೆ ಬರುವವರಿಗೆ ಎಂತ ಹೇಳುದು ನಾವು?"

ತಂಗಿ ಎರಡೂ ಮೆಷಿನ್ ಬಿಚ್ಚಿ ಊಟದ ಮೇಜಿನ ಮೇಲೆ ಇಟ್ಟಳು. ಎದ್ದು ಹೋಗಿ ಗೋಡೆಗೆ ಮುಖಮಾಡಿ ನಿಂತಳು. ಅಲ್ಲಿಂದಲೇ, ತನ್ನ ಸ್ವರದ ಅಂದಾಜಿಲ್ಲದೆ ಸ್ವಲ್ಪ ಗಟ್ಟಿಯಾಗಿ, "ಅಪ್ಪ, ಪ್ಲ್ಯಾಂಟಿನಲ್ಲಿ ಮಾಡುವ ಹಾಗೆ ಟೆಸ್ಟ್ ಮಾಡಿ" ಎಂದಳು.

ಅಪ್ಪ ನಕ್ಕು ಅವಳ ಹೆಸರು ಹಿಡಿದು ಕರೆದರು. ಅವಳು ತಿರುಗಲಿಲ್ಲ. ಇನ್ನೊಮ್ಮೆ, ಜೋರಾಗಿ. ಆಮೇಲೆ ಎದ್ದು ಅವಳ ಬೆನ್ನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಬಟ್ಟಲನ್ನು ಸೌಟಿನಿಂದ ಬಡಿದರು. ಕೆಳಗಿನ ಮನೆಯ ಮಗು ಅಳಲು ಶುರುಮಾಡಿತು. ತಂಗಿ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದಳು.

ಅಪ್ಪನ ಕೈಯಲ್ಲಿ ಬಟ್ಟಲು ಹಾಗೇ ಉಳಿಯಿತು. ನಮ್ಮ ಮನೆಯಲ್ಲಿ ಅವಳನ್ನು ಯಾರೂ ಬಾಯಿಯಿಂದ ಕರೆಯುವುದಿಲ್ಲ ಎಂಬುದು ಆಗಲೇ ನಮಗೆ ಹೊಳೆದದ್ದು. ಭುಜ ಮುಟ್ಟುತ್ತೇವೆ, ನೆಲಕ್ಕೆ ಕಾಲು ಬಡಿಯುತ್ತೇವೆ, ಕೋಣೆಯ ದೀಪ ಆರಿಸಿ ಹಾಕುತ್ತೇವೆ. ಊರಿನವರಿಂದೆಲ್ಲ ಬಚ್ಚಿಡುತ್ತ ಬಚ್ಚಿಡುತ್ತ ನಮ್ಮಿಂದಲೇ ಬಚ್ಚಿಟ್ಟುಕೊಂಡಿದ್ದೆವು.

"ಪ್ಲ್ಯಾಂಟಿನಲ್ಲಿ ಇಷ್ಟು ಸದ್ದು ಕೇಳಿಸದ ಜಾಗ ಇದ್ರೆ ಆ ದಿನವೇ ಕೆಂಪು ದೀಪ ಹಾಕ್ಸ್ತೇವೆ ನಾವು" ಎಂದು ಅಪ್ಪ ಯಾರಿಗೋ ಹೇಳುವ ಹಾಗೆ ಹೇಳಿದರು. ಆಮೇಲೆ ಅಮ್ಮನ ಕಡೆ ತಿರುಗಿ, "ಕ್ಲಿನಿಕ್ಕಿಗೆ ನಾನೂ ಬರ್ತೇನೆ. ಕೋಚಿಂಗ್ ಬೇಡ" ಎಂದರು. ಅಮ್ಮ ಮೆಷಿನ್‌ಗಳನ್ನು ಸೆರಗಿನಿಂದ ಒರೆಸಿದರು, ಒರೆಸುತ್ತಲೇ ಇದ್ದರು.

ಎರಡನೆಯ ಸಲ ಡಾಕ್ಟರೊಡನೆ ಮಾತಾಡಿದ್ದು ತಂಗಿಯೇ. ಭುಜದ ವಿಷಯ ಕೇಳಿ ಅವರು ತಮ್ಮ ಭುಜವನ್ನೇ ಅನುಮಾನದಿಂದ ನೋಡಿಕೊಂಡರು. ನಂತರ ಬೇರೆ ಪರೀಕ್ಷೆ ಬರೆದರು. ತಲೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ ಮಲಗಿಸುತ್ತಾರೆ. ಕಿವಿಗೆ ಬಿಟ್ಟ ಸದ್ದು ಮಿದುಳಿಗೆ ತಲುಪಿತೋ ಇಲ್ಲವೋ ಎಂದು ಯಂತ್ರವೇ ಹೇಳುತ್ತದೆ.

"ಇದರಲ್ಲಿ ನಿನ್ನ ಜಾಣತನ ನಡೆಯುವುದಿಲ್ಲ. ನಿದ್ದೆ ಬಂದರೆ ಇನ್ನೂ ಒಳ್ಳೆಯದು" ಎಂದರು ಡಾಕ್ಟರ್.

ಅವಳು ನಿಜಕ್ಕೂ ನಿದ್ದೆ ಹೋದಳು. ಹೊರಗೆ ಅಮ್ಮ ಕಣ್ಣು ಮುಚ್ಚಿ ಊರ ದೈವಕ್ಕೆ ಹರಕೆ ಹೇಳಿಕೊಳ್ಳುತ್ತಿದ್ದರು. ಏನೆಂದು ಹರಕೆ ಎಂದು ಅಪ್ಪ ಕೇಳಿದರು.

"ವರದಿ ಒಳ್ಳೇದು ಬರ್ಲಿ ಅಂತ."

"ಒಳ್ಳೇದು ಅಂದ್ರೆ ಯಾವುದು?"

ಅಮ್ಮ ಯೋಚಿಸಿದರು. "ಅದು ದೈವಕ್ಕೆ ಗೊತ್ತುಂಟು. ನೀವು ಸುಮ್ಮನೆ ಕೂತ್ಕೊಳ್ಳಿ."

ಎರಡೂ ಕಿವಿಯಲ್ಲಿ ತೀವ್ರ ಶ್ರವಣದೋಷ ಎಂದು ವರದಿ ಬಂತು. ಅಮ್ಮ ಅತ್ತರು, ಹರಕೆ ತೀರಿಸಲು ಊರಿಗೆ ಫೋನೂ ಮಾಡಿದರು. ವಿಶ್ವವಿದ್ಯಾಲಯದಿಂದ ಮತ್ತೆ ಉತ್ತರ ಬಂತು. ಅದೂ "ಅಭಿನಂದನೆಗಳು" ಎಂದೇ ಶುರುವಾಗಿತ್ತು. ಕಿವಿ ಕೇಳಿದರೂ ಅಭಿನಂದನೆ, ಕೇಳದಿದ್ದರೂ ಅಭಿನಂದನೆ. ಮೈಕು, ದೀಪ, ಅದುರುವ ಬಿಲ್ಲೆ ಮಂಜೂರಾಗಿದ್ದವು. ನೋಟ್ಸ್ ಬರೆಯುವವರು "ಲಭ್ಯತೆಗೆ ಅನುಗುಣವಾಗಿ". ಅಂದರೆ ಬರಲಿಕ್ಕಿಲ್ಲ ಎಂದು ಅರ್ಥ ಮಾಡಿಕೊಳ್ಳುವಷ್ಟು ಓದು ನನಗಿದೆ.

ತಂಗಿ ಕೂದಲನ್ನು ಮೇಲಕ್ಕೆ ಕಟ್ಟಿಕೊಂಡು ವಿಮಾನ ಹತ್ತಿದಳು. ಎರಡೂ ಮೆಷಿನ್ ಎಲ್ಲರಿಗೂ ಕಾಣುವಂತೆ. ವಿಮಾನ ನಿಲ್ದಾಣದಲ್ಲಿ ಅಮ್ಮನ ಕೈ ಎರಡು ಸಲ ಆ ಕೂದಲಿನ ಕಡೆ ಹೋಗಿ ಹಿಂದೆ ಬಂತು. ನನ್ನ ಟ್ಯಾಂಕರ್ ಮಾತ್ರ ಬಿಡಲಿಲ್ಲ. ಹಾಸ್ಟೆಲ್, ಅದರ ಎದುರಿನ ರಸ್ತೆ, ಅಲ್ಲಿಯ ಬಸ್ಸುಗಳು. ಊರಿನ ಬಸ್ಸುಗಳ ಮುಂದೆ ಆ ಟ್ಯಾಂಕರ್ ಪಾಪದ್ದು.

ತರಗತಿ ಶುರುವಾದ ವಾರದ ಶುಕ್ರವಾರ ಅವಳು ವಿಡಿಯೋ ಕರೆ ಮಾಡಿದಳು. ಕೋಣೆಯ ಹುಡುಗಿಯಿಂದ ಬೆಲ್ ಒತ್ತಿಸಿ, ಮಿನುಗುವ ದೀಪ ತೋರಿಸಿದಳು. ನಾನು ತಡೆಯಲಾರದೆ ಕೇಳಿದೆ, "ರಸ್ತೆಯಲ್ಲಿ ಹೇಗೆ ನಡೀತಿ? ಹಿಂದೆ ಹಿಂದೆಯಾ?"

"ಇಲ್ಲ ಅಕ್ಕ. ಬಂದ ದಿನವೇ ಎಲ್ಲರಿಗೂ ಹೇಳಿದ್ದೇನೆ, ನಂಗೆ ಕಿವಿ ಕೇಳುದಿಲ್ಲ ಅಂತ. ನಾನು ಮುಂದೆ ನೋಡಿಯೇ ನಡೆಯುದು. ನನ್ನತ್ರ ಮಾತಾಡ್ಬೇಕಾದವರು ಬೇಕಾದ್ರೆ ನಂಗೆ ಮುಖಮಾಡಿ ಹಿಂದೆ ಹಿಂದೆ ನಡೀಲಿ."

ಆ ರಾತ್ರಿ ನಾನು ಮಲಗಿದ್ದಷ್ಟೇ ನೆನಪು. ಎಚ್ಚರವಾದಾಗ ಕಿಟಕಿಯ ತುಂಬ ಬಿಸಿಲು. ಅಮ್ಮ ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದರು.

"ಎಷ್ಟು ಸಲ ಕರೆಯುದು ಮಾರಾಯ್ತಿ? ನಿಂಗೂ ಕಿವಿ ಕೇಳುದಿಲ್ವಾ?"