ಬೇಲಿಗೆ ಸೊಪ್ಪು ಹೊದಿಸುತ್ತಿದ್ದ ಕೈ

ಚಿರತೆ ಸತ್ತದ್ದು ತಿಳಿದ ದಿನ ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ದೊಡ್ಡಪ್ಪ ಎಂದಿನಂತೆ ಮಾಂಸದ ಬಕೀಟಿನ ಅಂಚಿಗೆ ಎರಡು ಸಲ ಬಡಿದರು. ಆವರಣದ ಒಳಗಿನಿಂದ ಸಪ್ಪಳ ಬರಲಿಲ್ಲ. ಹನ್ನೊಂದು ವರ್ಷದಲ್ಲಿ ಅದೇ ಮೊದಲು.

ಇಪ್ಪತ್ತು ದಿನ ಕಳೆದಿದೆ. ಅದೇ ಹೊತ್ತಿಗೆ ಅವರು ಖಾಲಿ ಆವರಣದ ಮುಂದೆ ನಿಂತಿದ್ದಾರೆ. ಉದುರಿದ ಎಲೆ ನೆಲವನ್ನೆಲ್ಲ ಮುಚ್ಚಿದೆ. ಆ ಹೆಣ್ಣು ಚಿರತೆ ತಿರುಗಾಡುತ್ತಿದ್ದ ದಾರಿ ಮಾತ್ರ ಎಲೆಯಿಲ್ಲದೆ ಬರಿದಾಗಿದೆ. ಹದಿನಾಲ್ಕು ಹೆಜ್ಜೆ ಹೋಗಿ ಮೂಲೆಯಲ್ಲಿ ತಿರುಗುತ್ತದೆ.

"ಗಾಳಿ ಇರ್ಬೇಕು," ಎನ್ನುತ್ತಾರೆ.

"ಗಾಳಿ ಅಳತೆ ಹಿಡ್ಕೊಂಡು ಬೀಸುತ್ತೇನ್ರೀ?" ಎಂದು ಹೆಂಡತಿ ಹಿಂದಿನಿಂದ ಕೇಳುತ್ತಾರೆ.

ಈ ಖಾಸಗಿ ಪ್ರಾಣಿ ಉದ್ಯಾನದಲ್ಲಿ ಅರವತ್ತೆರಡರ ಈ ಮನುಷ್ಯ ಎಲ್ಲರಿಗೂ ದೊಡ್ಡಪ್ಪ. ದಿನಕ್ಕೆ ನಾಲ್ಕು ಕಿಲೋ ಮಾಂಸ ಕತ್ತರಿಸಿ, ನೀರಿನ ತೊಟ್ಟಿ ಉಜ್ಜಿ, ಫೋಟೊದವರು ಬರುವ ದಿನ ತಂತಿಬೇಲಿಗೆ ಹಸಿ ಸೊಪ್ಪು ಕಟ್ಟುತ್ತಿದ್ದರು. ಆಮೇಲೆ ಕ್ಯಾಮೆರಾದ ಹಿಂದೆ ನಿಂತು ಬಕೀಟು ಬಡಿಯುತ್ತಿದ್ದರು. ಚಿತ್ರದಲ್ಲಿ ಕಾಡು ಕಾಣಬೇಕು, ದೊಡ್ಡಪ್ಪ ಕಾಣಬಾರದು.

"ಬೇಲಿ ಮುಚ್ಚೋದ್ರಲ್ಲಿ ನನ್ನ ಮೀರಿಸೋರಿರ್ಲಿಲ್ಲ. ಅದೇ ದೊಡ್ಡಸ್ತಿಕೆ ಅಂದ್ಕೊಂಡಿದ್ದೆ," ಎನ್ನುತ್ತಾರೆ ದೊಡ್ಡಪ್ಪ.

ಚಿರತೆ ಸತ್ತ ಮೂರನೇ ದಿನ ಪತ್ರಿಕೆಯಲ್ಲಿ ಅವಳ ಮುಖ ಬಂತು. ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ ಮೊದಲ ಬಹುಮಾನ. 'ಸ್ವತಂತ್ರ ಕಾಡಿನ ನಿರ್ಭೀತ ನೋಟ' ಎಂದು ಕೆಳಗೆ ಬರೆದಿತ್ತು. ಸತ್ತವಳು ಕಾಗದದೊಳಗಿಂದ ದೊಡ್ಡಪ್ಪನನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದಳು.

"ಇವಳು ನಮ್ಮವಳೇ ಅಲ್ವಾ?" ಹೆಂಡತಿಯ ಧ್ವನಿ ಇಳಿಯಿತು. "ಪೇಪರ್ ಮಡಿಸಿಡಿ. ನನಗೆ ನೋಡೋಕಾಗಲ್ಲ."

ಸ್ಪರ್ಧೆಯವರಿಗೂ ಇದು ಕಾಡಿನ ಚಿತ್ರವಲ್ಲವೆಂದು ಅನುಮಾನ ಬಂದು, ವಿಚಾರಿಸಲು ಫೋನ್ ಮಾಡುವುದಾಗಿ ತಿಳಿಸಿದರು. ಅಷ್ಟರಲ್ಲಿ ಉದ್ಯಾನದ ಮಾಲೀಕರು ದೊಡ್ಡಪ್ಪನ ಕೋಣೆಗೇ ಬಂದರು. "ನಮ್ಮ ಪ್ರಾಣಿ ಅಲ್ಲ ಅಂತ ಒಂದು ಮಾತು ಹೇಳಿಬಿಡಿ ದೊಡ್ಡಪ್ಪ. ಕೆಲಸ, ಕೋಣೆ ಎರಡೂ ಉಳಿಯುತ್ತೆ."

ಸ್ಪರ್ಧೆಯ ಕಡೆಯಿಂದ ಫೋನ್ ಮಾಡಿದ ಹೆಣ್ಣುಮಗಳು ಚಿರತೆಯ ಗುರುತು ಕೇಳಿದಳು. ದೊಡ್ಡಪ್ಪ ಮಡಿಸಿಟ್ಟ ಪತ್ರಿಕೆ ಬಿಡಿಸಿದರು.

"ಗುರುತೇನಮ್ಮಾ, ಅದು ಹಸಿದ ಮುಖ. ಅವಳು ನೋಡ್ತಿರೋದು ನನ್ನ ಕೈಲಿದ್ದ ಬಕೀಟನ್ನ. ಆ ಕಾಡು ಕಟ್ಟಿದ್ದೂ ನಾನೇ. ಚಿತ್ರದ ಎಡಗಡೆ ಕೆಳಗೆ ನೋಡಿ, ಸೊಪ್ಪಿನ ಸಂದಿಯಲ್ಲಿ ನಾನು ಬಿಗಿದ ಹಗ್ಗದ ಗಂಟಿದೆ."

ಆ ಕಡೆ ಹೆಣ್ಣುಮಗಳು ಚಿತ್ರ ಹಿಗ್ಗಿಸಿ ನೋಡಿದಳು. ಆಮೇಲೆ, "ಇದೆ," ಎಂದಳು.

ಬಹುಮಾನ ರದ್ದಾಯಿತು. ತಿಂಗಳ ಕೊನೆಗೆ ಗಂಡಹೆಂಡಿರು ಕೋಣೆ ಬಿಡಬೇಕು. ಪಾತ್ರೆಗಳನ್ನು ಗೋಣಿಗೆ ತುಂಬುತ್ತ ಹೆಂಡತಿ ಹೇಳುತ್ತಾರೆ: "ಹನ್ನೊಂದು ವರ್ಷ ಸುಮ್ನಿದ್ರಿ. ಬಾಯಿ ಬಿಡೋಕೆ ಅವಳೇ ಸಾಯ್ಬೇಕಾಯ್ತಾ?"

"ಹೂಂ ಕಣೇ. ತಪ್ಪಾಯ್ತು."

ಈಗ ಬೇರೆ ಕ್ಯಾಮೆರಾಗಳು ಬರುತ್ತಿವೆ. ಅವಳನ್ನು ಹೂತ ಜಾಗ ತೋರಿಸಿ ಎನ್ನುತ್ತವೆ. ದೊಡ್ಡಪ್ಪ ತೋರಿಸುವುದಿಲ್ಲ. ಎಲ್ಲರೂ ಹೋದ ಮೇಲೆ ಅವರು ಒಬ್ಬರೇ ಕೈಮುಗಿಯುತ್ತಾರೆ.

"ದೇವರೇ, ಅವಳು ಇನ್ನಾದ್ರೂ ತಣ್ಣಗೆ ಮಲಗ್ಲಿ. ಯಾರ ಕಣ್ಣೂ ಅವಳ ಮೇಲೆ ಬೀಳದಿರ್ಲಿ. ನನ್ನದೂ."