ಲೋಕೇಶಣ್ಣ ಎಳೆದು ನೋಡಿದ ಮೊಣಕಾಲು

ಗೆಳೆಯರೇ, ಇವತ್ತು ಮಣಿಪಾಲದ ಆಸ್ಪತ್ರೆಯಲ್ಲಿ ನನ್ನ ಮೊಣಕಾಲಿಗೂ ಪರೀಕ್ಷೆ ಆಯಿತು. ಮಾಡಿದ್ದು ಡಾಕ್ಟರಲ್ಲ, ಹೆಜಮಾಡಿಯಲ್ಲಿ ನಮ್ಮ ನೆರೆಮನೆಯ ಲೋಕೇಶಣ್ಣ. ಮೀನಿನ ಬೋಟಿಗೆ ಹೋಗುವವರು. ಕಳೆದ ತಿಂಗಳು ವಾಲಿಬಾಲ್ ಆಡುವಾಗ ಹಾರಿ ಇಳಿದಿದ್ದರು, ಮೊಣಕಾಲು ತಿರುಚಿ ಟಪ್ಪೆಂದಿತ್ತು. ಎಣ್ಣೆ ತಿಕ್ಕಿಸಿದ ಮೇಲೆ ಬಾವು ಇಳಿಯಿತು, ಆದರೆ ತಿರುಗಿದಾಗಲೆಲ್ಲ ಕಾಲು ಜಾರುತ್ತಿತ್ತು. ಅದನ್ನು ತೋರಿಸಲು ಹೊರಟಾಗ ಜೊತೆಗೆ ನಾನೂ ಹೋಗಿದ್ದೆ.

"ಮೊಣಕಾಲಿನ ಒಳಗೆ ಎರಡು ಲಿಗಮೆಂಟ್ ಉಂಟು, ಒಂದಕ್ಕೊಂದು ಅಡ್ಡ, ಹಗ್ಗದ ಹಾಗೆ," ಎಂದರು ಅವರ ಮೊಣಕಾಲು ಮಡಚಿಸಿ ಮುಂದಕ್ಕೆ ಎಳೆದು ನೋಡಿದ ಡಾಕ್ಟರಮ್ಮ. "ಎದುರಿನದ್ದು ಕೆಳಗಿನ ಎಲುಬು ಮುಂದೆ ಜಾರದ ಹಾಗೆ ಹಿಡಿತದೆ. ನಿಮ್ಮದು ಅದೇ ತುಂಡಾಗಿದೆ."

"ಗಂಟು ಹಾಕ್ಲಿಕ್ಕೆ ಆಗುದಿಲ್ವಾ ಡಾಕ್ಟ್ರೇ?" ಬಲೆ ಹೊಲಿಯುವವರು ಬೇರೆ ಏನು ಕೇಳಿಯಾರು.

"ಇಲ್ಲ. ತೊಡೆಯ ಹಿಂದಿನಿಂದ ಒಂದು ಎಳೆ ತೆಗೆದು ಹೊಸದಾಗಿ ಕೂರಿಸ್ಬೇಕು. ಒಂಬತ್ತು ತಿಂಗಳು ಬೋಟಿಗೆ ಹೋಗುವ ಹಾಗಿಲ್ಲ."

ಲೋಕೇಶಣ್ಣ ನಂಬಲಿಲ್ಲ. ನನ್ನನ್ನು ಮಂಚದ ಮೇಲೆ ಮಲಗಿಸಿ, ಡಾಕ್ಟರಮ್ಮ ಮಾಡಿದಂತೆಯೇ ಮೊಣಕಾಲು ಮಡಚಿಸಿ ಮುಂದಕ್ಕೆ ಎಳೆದರು. "ಇದು ನಿಲ್ತದೆ." ಆಮೇಲೆ ಕುಳಿತು ತಮ್ಮದನ್ನು ಎಳೆದರು. ಹಗ್ಗ ಸಡಿಲವಾದದ್ದು ಆ ಕೈಗಳಿಗೆ ತಿಳಿಯದಿರುತ್ತದೆಯೇ.

"ಇದು ನಿಲ್ಲುದಿಲ್ಲ ಮಾರಾಯ."

ಅಲ್ಲಿಂದಲೇ ಬೋಟಿನವರಿಗೆ ಫೋನ್ ಮಾಡಿದರು. "ಈ ಸಲ ನಾನಿಲ್ಲ. ಹರಿದ ಬಲೆ ಇದ್ರೆ ಮನೆಗೆ ಕಳಿಸಿ, ಕೂತು ಹೊಲಿತೇನೆ."

ಊರಿಗೆ ವಾಪಸ್ ಬಂದ ಲೋಕೇಶಣ್ಣ ಸಂಜೆಯೊಳಗೆ ನಾಲ್ಕು ಜನರ ಮೊಣಕಾಲು ಎಳೆದು ನೋಡಿದ್ದಾರೆ. "ನಿನ್ನದು ಗಟ್ಟಿ ಉಂಟು" ಎನ್ನುವಾಗ ಅವರ ಮುಖ ಸಣ್ಣದಾಗುತ್ತದೆ. ಅವರು ಎದುರು ಸಿಕ್ಕಿದರೆ ದಯವಿಟ್ಟು ಸ್ವಲ್ಪ ಕುಂಟಿ ನಡೆಯಿರಿ.