ಕುರ್ಚಿಯ ಬೆನ್ನಿಗಂಟಿದ ಪೊಮೇಡ್

ನನ್ನನ್ನು ನೋಡಲು ಬಂದ ಗಂಡು ಯಾರೇ ಆಗಿರಲಿ, ಕೂರುತ್ತಿದ್ದದ್ದು ಒಂದೇ ಕುರ್ಚಿಯಲ್ಲಿ. ಆಂಟಾಪ್ ಹಿಲ್‌ನ ನಮ್ಮ ಕ್ವಾರ್ಟರ್ಸಿನಲ್ಲಿ ತಲೆ ಆನಿಸಿ ಕೂರುವಂಥದ್ದು ಅದೊಂದೇ ಇದ್ದದ್ದು. ಅದರ ಬೆನ್ನಿಗೆ ಅಮ್ಮ ತಾನೇ ಹೆಣೆದ ಬಿಳಿ ಕ್ರೋಶಾ ಬಟ್ಟೆ ಹೊದಿಸುತ್ತಿದ್ದಳು. ಗಂಡಿನ ಕಡೆಯವರು ಹೋದ ಮರುದಿನ, ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದ ಕೂಡಲೇ ಅದನ್ನು ಒಗೆಯುವುದು ನನ್ನ ಪಾಲಿನ ಕೆಲಸ. ಎಂಬತ್ತರ ದಶಕದ ಆ ವರ್ಷ ಮೂವರು ಬಂದು ಹೋದರು, ಮೂವರೂ ನಾನು ಬೇಡವೆಂದರು. ಬೇಡವೆಂದವರ ತಲೆಯ ಜಿಡ್ಡನ್ನು ನಾನೇ ತಿಕ್ಕಿ ತೊಳೆಯಬೇಕು! ಯಾವ ಜನ್ಮದ ಕರ್ಮವೋ ಎಂದು ಮೈಯೆಲ್ಲ ಉರಿಯುತ್ತಿತ್ತು.

ಆದರೂ ಅವರದ್ದು ಬರೀ ಕೊಬ್ಬರಿ ಎಣ್ಣೆ, ಸೀಗೆಪುಡಿಗೆ ಹೋಗುತ್ತಿತ್ತು. ನಾಲ್ಕನೆಯವನು ದಾದರಿನಿಂದ ಬಂದ. ಮೈಸೂರು ಕಡೆಯವರೇ, ಬ್ಯಾಂಕಿನಲ್ಲಿ ಕೆಲಸ, ಜಾತಕವೂ ಕೂಡಿತ್ತು. ಮೇ ತಿಂಗಳ ಮಧ್ಯಾಹ್ನ. ಅವನಿಗಿಂತ ಮುಂಚೆ ಅವನ ವಾಸನೆ ಒಳಗೆ ಬಂತು, ಗುಲಾಬಿಯೂ ಮೇಣದಬತ್ತಿಯೂ ಕೂಡಿದಂಥದ್ದು. ತಲೆ ಫಳಫಳ ಹೊಳೆಯುತ್ತಿತ್ತು, ಬಾಚಣಿಗೆಯ ಗೆರೆಗಳು ಹೊಲ ಉತ್ತ ಹಾಗೆ ನಿಂತಿದ್ದವು. ಫ್ಯಾನಿನ ಗಾಳಿಗೆ ಒಂದು ಕೂದಲೂ ಅಲ್ಲಾಡಲಿಲ್ಲ. ಸೆಖೆಗೆ ಕರಗಿದ್ದು ಮಾತ್ರ ಕಿವಿಯ ಹಿಂದಿನಿಂದ ಇಳಿದು ಕಾಲರಿಗೆ ಸೇರುತ್ತಿತ್ತು.

ಏನೋ ಮಾತಾಡಬೇಕಲ್ಲ ಎಂದು ಅಪ್ಪ, "ಒಳ್ಳೆ ಕೂದಲಪ್ಪ ನಿಂದು" ಅಂದರು. ಅವನಿಗೆ ಅಷ್ಟೇ ಸಾಕಾಯಿತು.

"ಪೊಮೇಡ್, ಅಂಕಲ್. ಇಂಪೋರ್ಟೆಡ್. ಫ್ರೆಂಡ್ ದುಬೈಯಿಂದ ತಂದಿದ್ದು. ಎಣ್ಣೆ ಥರ ಅಲ್ಲ, ಏಕ್‌ದಮ್ ಸೆಟ್ ಆಗ್ತದೆ. ಪಹಲೇ ಯುರೋಪಲ್ಲಿ ಸೇಬುಹಣ್ಣು ಅರೆದು ಹಾಕ್ತಿದ್ರಂತೆ, ಫ್ರೆಂಚಲ್ಲಿ ಸೇಬಿಗೆ ಪೊಮ್ ಅಂತಾರೆ, ಅದರಿಂದಾನೇ ಈ ಹೆಸರು. ಮತ್ತೆ ಹಂದಿ ಕೊಬ್ಬು, ಕರಡಿ ಕೊಬ್ಬು..."

ಚಕ್ಕುಲಿ ತರುತ್ತಿದ್ದ ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು.

"ಈಗ ಅದೆಲ್ಲ ಇಲ್ಲ ಆಂಟಿ, ಟೆನ್ಷನ್ ಬೇಡ. ಈಗ ಪೆಟ್ರೋಲಿಯಂ ಜೆಲ್ಲಿ, ಮೇಣ, ಸೆಂಟು, ಬಸ್."

"ನಮ್ಮವನಿಗೆ ಗೊತ್ತಿಲ್ಲದ್ದೇ ಇಲ್ಲ" ಎಂದು ಅವನ ತಾಯಿ ಬೀಗಿದರು. ಹೆತ್ತವರಿಗೆ ಹೆಗ್ಗಣ ಮುದ್ದು. ಅವನು ಅಂಗೈಯಿಂದ ತಲೆಯನ್ನು ಎರಡೂ ಕಡೆ ಸವರಿಕೊಂಡು, ಅದೇ ಕೈಯಲ್ಲಿ ಚಕ್ಕುಲಿ ಮುರಿದು ತಿಂದು, ಬೆರಳು ನೆಕ್ಕಿದ. ಥೂ! ಆಮೇಲೆ ಸುಖವಾಗಿ ಒರಗಿ ತಲೆಯನ್ನು ಅಮ್ಮನ ಕ್ರೋಶಾದ ಮೇಲೆ ಊರಿದ. ಹುಡುಗಿಯನ್ನು ಏನಾದರೂ ಕೇಳು ಎಂದು ಅವನ ತಾಯಿ ಒತ್ತಾಯ ಮಾಡಿದ್ದಕ್ಕೆ ನನ್ನ ಕಡೆ ತಿರುಗಿ, "ಬಟ್ಟೆ ಒಗೀಲಿಕ್ಕೆ ಚೆನ್ನಾಗಿ ಬರ್ತದಲ್ಲ? ನನಗೆ ಡೈಲಿ ವೈಟ್ ಶರ್ಟೇ ಬೇಕು" ಅಂದ.

ಮರುದಿನ ಬಕೆಟ್ಟಿನ ಮುಂದೆ ಕೂತೆ. ಸೀಗೆಪುಡಿ ಆಯಿತು, ಸೋಪು ಆಯಿತು, ಬಿಸಿನೀರಿಗೆ ಸೋಡ ಹಾಕಿದ್ದೂ ಆಯಿತು. ನೀರು ಆ ಕಲೆಯ ಮೇಲಿಂದ ಜಾರಿ ಹೋಗುತ್ತಿತ್ತೇ ಹೊರತು ಒಳಗೆ ಇಳಿಯಲೇ ಇಲ್ಲ. ಕೊನೆಗೆ ಸೀಮೆಎಣ್ಣೆ ಸುರಿದೆ. ಬೆರಳ ತುದಿಯಷ್ಟಿದ್ದ ಕೊಳಕು ಅಂಗೈಯಗಲ ಹರಡಿತು. ಉಗುರಿನ ಸಂದಿಯಲ್ಲೆಲ್ಲ ಅವನ ತಲೆಯ ಅಂಟು. ಈ ಕೈಯಲ್ಲಿ ಇನ್ನು ಅನ್ನ ಹೇಗೆ ಕಲಸಲಿ ಎಂದು ಅಸಹ್ಯಪಡುತ್ತಿರುವಾಗಲೇ ಅಪ್ಪ ಏದುಸಿರು ಬಿಡುತ್ತ ಬಂದರು. ನಮಗೆ ಬರುವ ಫೋನು ಕೆಳಗಿನ ಮನೆಗೆ ಬರುತ್ತಿತ್ತು.

"ಒಪ್ಪಿದಾರೆ ಕಣೇ! ಹುಡುಗ ಒಪ್ಪಿದಾನೆ!"

ನನ್ನ ಕಣ್ಣ ಮುಂದೆ ದಿಂಬಿನ ಚೀಲಗಳು, ಕಾಲರುಗಳು, ಬದುಕಿಡೀ ಮುಗಿಯದ ಬಕೆಟ್ಟುಗಳು ಬಂದವು.

"ನಾನು ಒಪ್ಪಿಲ್ಲ" ಅಂದೆ.

"ಕೈಗೆ ಬಂದ ತುತ್ತನ್ನ ಒದೀತೀಯಾ? ತಲೆಗೆ ಹಚ್ಚೋ ಜಿಡ್ಡಿಗೆ ಯಾರಾದ್ರೂ ಸಂಬಂಧ ಬಿಡ್ತಾರೇನೇ? ಅವರಿಗೆ ಏನಂತ ಕಾರಣ ಹೇಳ್ಲಿ?"

"ಆ ಮೂರು ಜನ ಏನು ಕಾರಣ ಹೇಳಿದ್ರಪ್ಪ?"

"ನೀನಾದ್ರೂ ಬುದ್ಧಿ ಹೇಳೇ ಇವಳಿಗೆ" ಎಂದು ಅಪ್ಪ ಅಮ್ಮನ ಮೇಲೆ ರೇಗಿದರು. ಅಮ್ಮ ಬಕೆಟ್ಟಿನಿಂದ ಬಟ್ಟೆ ಎತ್ತಿ, ಮೂಸಿ, ಮುಖ ಸಿಂಡರಿಸಿದಳು. ಬುದ್ಧಿ ಹೇಳುವವಳ ಹಾಗೆ ನನ್ನ ಕಡೆ ತಿರುಗಲಿಲ್ಲ, ಅಪ್ಪನನ್ನೇ ನೋಡಿದಳು.

"ನೀವು ನನ್ನ ನೋಡೋಕೆ ಬಂದು ಹೋದ ಮೇಲೆ ನಾನೂ ಬೇಡ ಅಂದಿದ್ದೆ ಕಣ್ರೀ. ಯಾರೂ ಕಿವಿಗೇ ಹಾಕ್ಕೊಳ್ಲಿಲ್ಲ."

ಅಪ್ಪ ಚಪ್ಪಲಿ ಮೆಟ್ಟಿಕೊಂಡು, ಬೇಡವೆಂದು ಫೋನ್ ಮಾಡಲು ಮತ್ತೆ ಕೆಳಗಿನ ಮನೆಗೆ ಇಳಿದು ಹೋದರು.